ಎಡಕ್ಕೆ ಬಿದ್ದ ಹೂವು

ಕುಶಾಲನಗರ
18 ಜನವರಿ 2024

ಸಿದ್ದರಾಜು,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ, ಅದಕ್ಕೇ ಕೇಳುತ್ತಿಲ್ಲ. ಫೋನು ಮಾಡಿದರೆ ನೀನು "ಹ್ಞೂಂ ಅಕ್ಕ, ಹ್ಞೂಂ ಅಕ್ಕ" ಎನ್ನುತ್ತೀಯ. ಮೂರನೇ ಹ್ಞೂಂಗೆ ಸಿಗ್ನಲ್ ಹೋಗುತ್ತದೆ. ನಿಮ್ಮೂರಿನಲ್ಲಿ ಸಿಗ್ನಲ್ ಹೋಗುವುದು ನಿನಗೆ ಬೇಕಾದಾಗ ಮಾತ್ರ ಎಂದು ನನಗೆ ತಿಳಿದು ವರ್ಷಗಳಾದವು. ಕಾಗದದಲ್ಲಿ ನೀನು ಬರೀ ಹ್ಞೂಂ ಎಂದು ಬರೆದು ಕಳಿಸಲಾರೆ ತಾನೆ? ಅದಕ್ಕೆ ಬರೆಯುತ್ತಿದ್ದೇನೆ.

ಸಂಕ್ರಾಂತಿಗೆ ನನ್ನ ಮಗಳನ್ನು ನಿನ್ನ ಹತ್ತಿರ ಕಳಿಸಿದ್ದು ಎಳ್ಳುಬೆಲ್ಲ ತಿನ್ನಲಿಕ್ಕಲ್ಲ. ಕಾಫಿ ಕ್ಯೂರಿಂಗ್‌ ಕಾರ್ಖಾನೆಯಲ್ಲಿ ಕೆಲಸ ಮಾಡುವ ಸುದೀಪನ ಮನೆಯವರು ಮಾನಸಳನ್ನು ಕೇಳಿದ್ದಾರೆ, ನಮ್ಮ ಬನದಮ್ಮನ ಹತ್ತಿರ ಹೂ ಕೇಳಿಕೊಂಡು ಬಾ ಎಂದು ಕಳಿಸಿದೆ. ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲು ಹೇಳಿದ್ದೇನು ಗೊತ್ತೇ? "ಅಮ್ಮ, ಹೂ ಎಡಕ್ಕೆ ಬಿತ್ತು. ಆದ್ರೆ ಅದಕ್ಕೇನೂ ಅರ್ಥ ಇಲ್ವಂತೆ. ಯಾವ ಕಡೆ ನೀರು ಬೇಗ ಆರುತ್ತೋ ಆ ಕಡೆ ಹೂ ಬೀಳುತ್ತೆ ಅಂದ್ರು ಮಾವ."

ನಾನು ನಕ್ಕುಬಿಟ್ಟೆ. ನಿಮ್ಮ ಮಾವ ತಮಾಷೆ ಮಾಡಿದ್ದಾನೆ ಎಂದೆ. "ತಮಾಷೆ ಅಲ್ಲಮ್ಮ, ಮಾವಂಗೆ ನಂಬಿಕೆನೇ ಇಲ್ವಂತೆ. ಯಾವತ್ತೂ ಇರ್ಲಿಲ್ವಂತೆ" ಎಂದಳು.

ಸಿದ್ದ, ಅಪ್ಪನಿಗೆ ಲಕ್ವ ಹೊಡೆದ ವರ್ಷದಿಂದ ದೇವರ ಬನದಲ್ಲಿ ಅಮ್ಮನ ಆ ಕಲ್ಲಿಗೆ ಪೂಜೆ ಮಾಡುತ್ತಿರುವವನು ನೀನು. ಮೂವತ್ತಮೂರು ವರ್ಷ. ಕಲ್ಲಿನ ಎರಡು ಭುಜಕ್ಕೆ ನೀರು ಮುಟ್ಟಿಸಿ ಹೂ ಅಂಟಿಸುವವನು ನೀನು. ಬಲದ್ದು ಮೊದಲು ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ ಎಂದು ಊರಿಗೆಲ್ಲ ಹೇಳುವವನೂ ನೀನೇ. ನನ್ನ ಅಂಗೈಗೆ ತೀರ್ಥ ಹಾಕಿದವನು, ಮಾನಸಳ ಹಣೆಗೆ ಮೂರು ತಿಂಗಳ ಕೂಸಾಗಿದ್ದಾಗ ಭಂಡಾರ ಇಟ್ಟವನು. ಎಲ್ಲ ಬರೀ ಆಟವಾಗಿತ್ತೇ?

ನಿಜವೋ ಸುಳ್ಳೋ, ಒಂದು ಮಾತು ಬರೆ. ತಲೆ ಕೆಟ್ಟು ಹೋಗಿದೆ.

ನಿನ್ನ ಅಕ್ಕ
ಮುತ್ತಮ್ಮ


ಹಿರೇಕೊಪ್ಪಲು, ಶನಿವಾರಸಂತೆ
2 ಫೆಬ್ರವರಿ 2024

ಅಕ್ಕನಿಗೆ ಸಿದ್ದರಾಜು ಮಾಡುವ ನಮಸ್ಕಾರ.

ಉತ್ತರ ತಡವಾಯಿತು. ಕಾಫಿ ಕುಯ್ಯಲು ಜನ ಸಿಗದೆ ನಾನೂ ನನ್ನ ಹೆಂಡತಿಯೂ ಇಬ್ಬರೇ ಕುಯ್ಯುತ್ತಿದ್ದೇವೆ. ಸಂಜೆ ಹೊತ್ತಿಗೆ ಬೆರಳು ಮಡಚಲು ಬರುವುದಿಲ್ಲ.

ನಿಜ. ಮಾನಸಳಿಗೆ ಹೇಳಿದ್ದೆಲ್ಲ ನಿಜ. ಹುಡುಗಿ ಹೂ ಬಿದ್ದದ್ದು ನೋಡಿ ಬಿಳಿಚಿಕೊಂಡು ನಿಂತಳು. ಅವಳಿಗೆ ಆ ಸುದೀಪ ಇಷ್ಟ ಎಂದು ಮುಖದಲ್ಲೇ ಬರೆದಿತ್ತು. ಎಡಗಡೆ ನೀರು ಕಡಮೆ ಮುಟ್ಟಿಸಿದವನು ನಾನು, ಅದಕ್ಕೆ ಅವಳು ಜೀವಮಾನವಿಡೀ ಅಳಬೇಕೇ? ನನ್ನ ಬಾಯಿಂದ ಬಂದುಬಿಟ್ಟಿತು. ಬಂದದ್ದಕ್ಕೆ ಬೇಸರವಿಲ್ಲ.

ಆದರೆ ಆಟ ಎಂದೆಯಲ್ಲ, ಅದಕ್ಕೆ ಬೇಸರವಿದೆ.

ನನ್ನ ಹತ್ತೊಂಬತ್ತನೇ ವಯಸ್ಸಿಗೆ ಅಪ್ಪ ಮಲಗಿದರು. ನಾನು ಹಾಸಿಗೆಯ ಪಕ್ಕ ಕೂತು ಹೇಳಿದೆ, "ಅಪ್ಪ, ನಂಗೆ ಆ ಕಲ್ಲಲ್ಲಿ ಏನೂ ಕಾಣಲ್ಲ. ನಂಬ್ಕೆ ಇಲ್ದೋನು ಪೂಜೆ ಮಾಡ್ಬಾರ್ದು." ಅಪ್ಪನ ಬಾಯಿ ಒಂದು ಕಡೆ ಎಳೆದುಕೊಂಡಿತ್ತಲ್ಲ, ಆ ತೊದಲಲ್ಲೇ ಹೇಳಿದರು, "ನಂಬ್ಕೆ ಆಮೇಲೆ ಬತ್ತದೆ. ಮೊದ್ಲು ಹೋಗಿ ಗುಡ್ಸು."

ಹೋಗಿ ಗುಡಿಸಿದೆ. ಅವತ್ತಿಂದ ಗುಡಿಸುತ್ತಲೇ ಇದ್ದೇನೆ. ಮಂಗಳವಾರ ಬರಬಹುದು, ಶುಕ್ರವಾರ ಬರಬಹುದು ಎಂದು ಕಾದೆ. ಬರಲಿಲ್ಲ. ಬರಲಿಲ್ಲ ಎಂದು ಗುಡಿಸುವುದನ್ನು ಬಿಡಲೂ ಆಗಲಿಲ್ಲ.

ಬನದ ಗಡಿಕಲ್ಲು ದಾಟಿದ ಮೇಲೆ ನಾನು ಕೆಮ್ಮು ಬಂದರೂ ತಡೆದುಕೊಳ್ಳುತ್ತೇನೆ. ಬಿದ್ದ ಪುಳ್ಳೆ ಸೌದೆಯನ್ನೂ ಮನೆಗೆ ತಂದಿಲ್ಲ. ಜಿಗಣೆ ಕಚ್ಚಿ ರಕ್ತ ಸುರಿದರೂ ಒಳಗೆ ಕಿತ್ತೆಸೆಯುವುದಿಲ್ಲ, ಹೊರಗೆ ಬಂದು ತೆಗೆಯುತ್ತೇನೆ. ಯಾಕೆ ಎಂದರೆ ನನಗೆ ಗೊತ್ತಿಲ್ಲ. ಕಲ್ಲಿಗೆ ನೆರಳಾಗಿ ನಿಂತ ಆ ಗೋಣಿಮರದ ಕೆಳಗೆ ಹಾಗೆ ಇರಬೇಕು ಎನ್ನಿಸುತ್ತದೆ. ಅಪ್ಪನ ಎದುರು ಕಾಲು ಚಾಚಿ ಕೂರುತ್ತಿದ್ದೆವೇ? ಹಾಗೆ.

ನೀನು ನಂಬುವವಳು. ಸಂತೋಷ. ಹೋದ ದೀಪಾವಳಿಗೆ ಬಂದಾಗ ಮೊಬೈಲಿನಲ್ಲಿ ಚೀಟಿ ಹಣದ ಜಗಳ ಆಡುತ್ತಲೇ ಒಳಗೆ ಬಂದೆ, ಕಾಯಿ ಒಡೆಯುವವರೆಗೂ ನಿಲ್ಲಿಸಲಿಲ್ಲ. ನಾನು ಏನಾದರೂ ಅಂದೆನೇ?

ಮಾನಸಳ ಮದುವೆ ಮಾಡು. ಹುಡುಗ ಒಳ್ಳೆಯವನಂತೆ.

ಸಿದ್ದರಾಜು


ಕುಶಾಲನಗರ
10 ಫೆಬ್ರವರಿ 2024

ಸಿದ್ದರಾಜುವಿಗೆ,

ಚೀಟಿ ಹಣದ ಮಾತು ಎತ್ತಿದ್ದಕ್ಕೆ ನಾಚಿಕೆಯಾಗಬೇಕು. ಚೀಟಿ ನಡೆಸುವಾಕೆ ಮೂರು ತಿಂಗಳು ಸತಾಯಿಸಿದ್ದಳು, ಅವತ್ತೇ ಫೋನು ಎತ್ತಿದ್ದು. ಬನದಮ್ಮ ನನ್ನ ತಾಯಿ, ಅರ್ಥವಾಗುತ್ತದೆ ಅವಳಿಗೆ. ತಾಯಿಯ ಮುಂದೆ ಮಕ್ಕಳು ಗಲಾಟೆ ಮಾಡುತ್ತವೆ. ಪರರ ಮನೆಗೆ ಹೋದವರು ಮಾತ್ರ ಕೆಮ್ಮು ತಡೆದುಕೊಂಡು ಕೂರುವುದು.

ನಾನು ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಇನ್ನೂರು ಮಕ್ಕಳಿಗೆ ದಿನಾ ಬಡಿಸುತ್ತೇನೆ. ಬಡಿಸುವವಳಿಗೆ ಹಸಿವಿಲ್ಲದಿದ್ದರೂ ನಡೆಯುತ್ತದೆ. ಆದರೆ ಪಾತ್ರೆಯಲ್ಲಿ ಅನ್ನವೇ ಇಲ್ಲ ಎಂದುಕೊಂಡು ಮೂವತ್ತಮೂರು ವರ್ಷ ಬಡಿಸಿದೆ ಎನ್ನುತ್ತೀಯಲ್ಲ, ತಿಂದ ನಾವೆಲ್ಲ ಏನು ಹುಚ್ಚರೇ?

ನಿಮ್ಮ ಭಾವನಿಗೆ ಹೃದಯದ ಆಪರೇಶನ್ ಎಂದಾಗ ನೆನಪಿದೆಯೇ? ಮೈಸೂರಿನ ಡಾಕ್ಟರು ನೂರಕ್ಕೆ ಐವತ್ತು ಎಂದರು. ಗಂಡನನ್ನು ನನ್ನ ಕೈಯಾರೆ ಕರೆದುಕೊಂಡು ಹೋಗಿ ಸಾಯಿಸುವುದೇ ಎಂದು ಬನಕ್ಕೆ ಬಂದು ನಿಂತೆ. ಅಮ್ಮ ಬಲಗಡೆ ಕೊಟ್ಟಳು. ನೀನೇ ಹೇಳಿದೆ. ಹೋದೆವು. ಆರು ವರ್ಷ ಬದುಕಿದರು. ಮಾನಸಳ ಎಸ್ಸೆಸ್ಸೆಲ್ಸಿ ನೋಡಿದರು, ಈ ಮನೆಗೆ ಸಿಮೆಂಟು ಹಾಕಿಸಿದರು. ಪ್ರತಿ ವರ್ಷ ನಾನು ಅಮ್ಮನಿಗೆ ಸೀರೆ ತಂದು ಉಡಿಸಿದೆ. ಅದೂ ನೀರು ಆರಿದ್ದೋ?

ನೀನು ಪೂಜೆ ಬಿಡು. ಇದು ಸಿಟ್ಟಿನ ಮಾತಲ್ಲ. ಚಿಕ್ಕಪ್ಪನ ಮಗ ಕೀರ್ತಿಕುಮಾರನ ಹತ್ತಿರ ಮಾತಾಡಿದ್ದೇನೆ. ಬನ ಅವನ ಅಜ್ಜನದ್ದೂ ಹೌದು. ಗೊಬ್ಬರದ ಅಂಗಡಿ ಇದ್ದರೂ ವಾರದಲ್ಲಿ ಎರಡು ದಿನ ಬೆಳಿಗ್ಗೆ ಬರುತ್ತೇನೆ ಎಂದ. ಫೋನಿನಲ್ಲೇ ಅತ್ತುಬಿಟ್ಟ. "ಅಕ್ಕ, ಅಮ್ಮ ನನ್ ಕರೆದ್ಲು ಅಂತ ಅಂದ್ಕೊತೀನಿ" ಎಂದ. ಯುಗಾದಿಯಿಂದ ಅವನಿಗೆ ಬಿಟ್ಟುಕೊಡು. ನಂಬುವವನ ಕೈಯಲ್ಲಿ ಇರಲಿ.

ಸುದೀಪನ ಮನೆಯವರಿಗೆ ಈಗ ಬೇಡ ಎಂದು ಹೇಳಿ ಕಳಿಸಿದ್ದೇನೆ. ಮಾನಸ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ನಿನ್ನಿಂದ ನನಗೆ ಆದ ಉಪಕಾರ ಇದು.

ಮುತ್ತಮ್ಮ


ಹಿರೇಕೊಪ್ಪಲು
14 ಏಪ್ರಿಲ್ 2024

ಅಕ್ಕನಿಗೆ,

ನೀನು ಹೇಳಿದಂತೆ ಯುಗಾದಿಗೆ ಬಿಟ್ಟುಕೊಟ್ಟೆ, ಹಬ್ಬವೂ ಪೂಜೆಯ ಮಂಗಳವಾರವೇ ಬಂತು. ಕೀರ್ತಿಗೆ ಹಿತ್ತಾಳೆ ಚೊಂಬು, ದೀಪ, ಗಂಟೆ ಕೊಟ್ಟೆ. ಎಲ್ಲಿ ನೀರು ಹರಿಯಲು ಕಾಲುವೆ ಬಿಡಿಸಬೇಕು, ಯಾವ ಬೇರು ತುಳಿಯಬಾರದು, ಹುತ್ತದ ಕಡೆ ಯಾವಾಗ ಹೋಗಬಾರದು, ಎಲ್ಲ ತೋರಿಸಿದೆ. "ಅದೆಲ್ಲ ನೋಡ್ಕೊಳೋಣ ಬಿಡಣ್ಣ" ಎಂದ. ಗುಡಿಸಲು ಆಳು ನೇಮಿಸುತ್ತಾನಂತೆ.

ಮಂಗಳಾರತಿ ಎತ್ತಿದಾಗ ಅವನ ಕಣ್ಣಿಂದ ನೀರು ಇಳಿಯಿತು. ನಾಟಕವಲ್ಲ, ನಾನು ಹತ್ತಿರದಿಂದ ನೋಡಿದೆ. ಕೆನ್ನೆ ಒರೆಸಿಕೊಳ್ಳುವುದೂ ಗೊತ್ತಾಗದೆ ನಿಂತಿದ್ದ. ನನಗೆ ಅಷ್ಟು ವರ್ಷದಲ್ಲಿ ಒಂದು ದಿನವೂ ಹಾಗಾಗಲಿಲ್ಲ. ಹೊಟ್ಟೆಕಿಚ್ಚಾಯಿತು ಅಕ್ಕ, ಸುಳ್ಳು ಹೇಳುವುದಿಲ್ಲ. ನೀನು ಮಾಡಿದ್ದೇ ಸರಿ ಎಂದೂ ಅನ್ನಿಸಿತು.

ಆದರೆ ಮುಂದಿನ ಶುಕ್ರವಾರ ನಾಲ್ಕೂವರೆಗೇ ಎಚ್ಚರವಾಯಿತು. ತಣ್ಣೀರು ಹುಯ್ದುಕೊಂಡು ಒದ್ದೆ ಪಂಚೆಯಲ್ಲಿ ಬಾಗಿಲಿಗೆ ಬಂದೆ. ಆಮೇಲೆ ನೆನಪಾಯಿತು. ಹೆಂಡತಿ ಒಳಗಿಂದ, "ಇನ್ನೇನ್ ಮಾಡ್ತೀರಿ, ಬಂದು ಮಲ್ಕೊಳಿ" ಎಂದಳು. ಹಟ್ಟಿಗೆ ಹೋಗಿ ಸಗಣಿ ಬಾಚಿದೆ.

ಇನ್ನು ನನ್ನನ್ನು ಈ ವಿಷಯದಲ್ಲಿ ಕೇಳಬೇಡ.

ಸಿದ್ದರಾಜು


ಕುಶಾಲನಗರ
12 ಮೇ 2024

ಸಿದ್ದರಾಜುವಿಗೆ,

ಬಸವ ಜಯಂತಿ ದಿನ ಬನಕ್ಕೆ ಬಂದಿದ್ದೆ. ನಿಮ್ಮ ಮನೆಗೆ ಬರಲಿಲ್ಲ, ಯಾಕೆಂದು ನಿನಗೆ ಗೊತ್ತು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಕೀರ್ತಿ ಭಕ್ತಿಯಿಂದ ಮಾಡುತ್ತಾನೆ. ಅದರಲ್ಲಿ ಎರಡು ಮಾತಿಲ್ಲ. ನನ್ನ ಕೈ ಹಿಡಿದುಕೊಂಡು ಅರ್ಧ ಗಂಟೆ ಅಮ್ಮನ ಮಹಿಮೆ ಹೇಳಿದ.

ಇನ್ನು ಉಳಿದದ್ದು. ಗಡಿಕಲ್ಲಿನ ತನಕ ಇದ್ದ ಕಾಲುದಾರಿಯಲ್ಲಿ ಈಗ ಜೀಪು ಬರುತ್ತದೆ, ಹುತ್ತ ಅರ್ಧ ಕುಸಿದಿದೆ. ಕಲ್ಲಿನ ಸುತ್ತ ಬಚ್ಚಲುಮನೆಗೆ ಹಾಕುವ ಟೈಲ್ಸು. ಮರಕ್ಕೆ ಮೊಳೆ ಹೊಡೆದು ಸ್ಪೀಕರ್ ಕಟ್ಟಿದ್ದಾನೆ. ಅದರ ಸದ್ದಿಗೆ ಒಂದು ಹಕ್ಕಿ ಕೂಗುವುದಿಲ್ಲ. ಪ್ರಸಾದದ ಪ್ಲಾಸ್ಟಿಕ್ ತಟ್ಟೆಗಳು ಕಾಲುವೆಯಲ್ಲಿ ಸಿಕ್ಕಿಕೊಂಡಿದ್ದವು, ನಾನೇ ಬಾಗಿ ಆರಿಸಿದೆ. "ಇದೇನೋ ಕೀರ್ತಿ?" ಎಂದರೆ, "ಅಮ್ಮ ದೊಡ್ಡೋಳು ಅಕ್ಕ, ಇದನ್ನೆಲ್ಲ ಮನಸ್ಸಿಗೆ ಹಚ್ಕೊಳಲ್ಲ" ಎಂದು ನಗುತ್ತಾನೆ. ಎಲ್ಲದಕ್ಕೂ ಅದೇ. ಅಮ್ಮ ಕ್ಷಮಿಸುತ್ತಾಳೆ ಎಂದು ಅವನಿಗೆ ಅಷ್ಟು ಗಟ್ಟಿಯಾಗಿ ಗೊತ್ತು, ಅದಕ್ಕೇ ಯಾವುದಕ್ಕೂ ಹಿಂದೆಮುಂದೆ ನೋಡುವುದಿಲ್ಲ.

ಈಗ ಗೋಣಿಮರವನ್ನು ಕಡಿಸುತ್ತಾನಂತೆ. ಮಳೆ ಹಿಡಿಯುವ ಮೊದಲು, ಮೂವತ್ತನೇ ತಾರೀಖು ಗುರುವಾರ. ಕಲ್ಲಿನ ಮೇಲೆ ಆರ್‌ಸಿಸಿ ಗುಡಿ ಕಟ್ಟಬೇಕು, ಮರ ಅಡ್ಡ. ನಾನು ಬೇಡ ಎಂದೆ. "ನಾವು ಹಂಚಿನ ಮನೇಲಿ ಬೆಚ್ಚಗೆ ಮಲ್ಕೊಂಡು ಅಮ್ಮನ್ನ ಮಳೇಲಿ ನೆನ್ಸೋದಾ ಅಕ್ಕ? ನಂಗೆ ನಿದ್ದೆ ಬರಲ್ಲ" ಎಂದ. ಏನು ಹೇಳಲಿ? ಅವನು ಹೇಳುವುದು ಅಷ್ಟು ಪ್ರೀತಿಯಿಂದ. ಅದೂ ಅಲ್ಲದೆ ಅವನು ಹೂ ಕೇಳಿದ್ದಾನೆ. ಅಮ್ಮ ಬಲಗಡೆ ಕೊಟ್ಟಿದ್ದಾಳೆ.

ನಿಮ್ಮ ಭಾವನ ವಿಷಯದಲ್ಲಿ ಬಲಗಡೆ ಕೊಟ್ಟದ್ದನ್ನು ನಂಬಿದವಳು ನಾನು. ಈಗ ಮರದ ವಿಷಯದಲ್ಲಿ ಬಲಗಡೆ ಕೊಟ್ಟದ್ದನ್ನು ನಂಬುವುದಿಲ್ಲ ಎಂದರೆ ಹೇಗೆ? ಬಾಯಿ ಕಟ್ಟಿದಂತಾಗಿದೆ. ಬಸ್ಸಿನಲ್ಲಿ ಕುಶಾಲನಗರದ ತನಕ ಅತ್ತುಕೊಂಡೇ ಬಂದೆ.

ನೀನು ಹೋಗಿ ಅವನಿಗೆ ಹೇಳು. ನಿನ್ನ ಮಾತು ಕೇಳಬಹುದು.

ಮುತ್ತಮ್ಮ


ಹಿರೇಕೊಪ್ಪಲು
20 ಮೇ 2024

ಅಕ್ಕ,

ನಿನಗೆ ಏನು ಬೇಕು ಎಂದು ಮೊದಲು ನೀನು ತೀರ್ಮಾನ ಮಾಡು. ನಂಬಿಕೆ ಇಲ್ಲದವನು ಪೂಜೆ ಬಿಡಲಿ ಎಂದೆ ನೀನು. ಹೊರಗೆ ಬಂದೆ. ಈಗ ಒಳಗೆ ಹೋಗಿ ಹೇಳು ಎನ್ನುತ್ತೀಯ. ಯಾವ ಬಾಯಲ್ಲಿ ಹೇಳಲಿ? ಆದರೂ ಹೋಗಿದ್ದೆ. ನಿನ್ನ ಕಾಗದ ಬರುವುದಕ್ಕೆ ಮೊದಲೇ ಎರಡು ಸಲ ಹೋಗಿ ಬಂದೆ. ಎರಡನೇ ಸಲ ಕೀರ್ತಿ, "ಅಣ್ಣ, ನಿಂಗೆ ಅದು ಮರ, ನಂಗೆ ಅವ್ಳು ತಾಯಿ. ನಂಬ್ಕೆ ಇಲ್ದೋನ್ಗೆ ಇದು ಅರ್ಥ ಆಗಲ್ಲ" ಎಂದ. ನೀನು ಅವನಿಗೂ ಹೇಳಿದ್ದೀಯ ಎಂದು ಆಗ ಗೊತ್ತಾಯಿತು. ಎದ್ದು ಬಂದೆ.

ಈಗ ನಾನು ಬರೆಯುವುದನ್ನು ಕೂತುಕೊಂಡು ಓದು. ಮಾನಸ ಮನೆಯಲ್ಲಿದ್ದರೆ ಅವಳು ಹೊರಗೆ ಹೋದ ಮೇಲೆ ಓದು.

2013ರಲ್ಲಿ ನೀನು ಬಂದು ನಿಂತ ದಿನ ಹೂ ಎಡಕ್ಕೆ ಬಿತ್ತು.

ನೀನು ಕಣ್ಣು ಮುಚ್ಚಿ ಕೈ ಮುಗಿದುಕೊಂಡಿದ್ದೆ. ತುಟಿ ಅಲ್ಲಾಡುತ್ತಿತ್ತು. ಹಿಂದಿನ ದಿನ ಭಾವ ನನ್ನನ್ನು ಮೂಲೆಗೆ ಕರೆದು, "ಸಿದ್ದ, ನಿಮ್ಮಕ್ಕ ಹೂವಿನ ಮಾತು ಮೀರಲ್ಲ. ಇನ್ನು ಹದಿನೈದು ದಿನ ಬಿಟ್ರೆ ನಾನ್ ಉಳಿಯಲ್ಲ ಅಂದವ್ರೆ ಡಾಕ್ಟ್ರು" ಎಂದಿದ್ದರು. ಅಷ್ಟೇ ಹೇಳಿದ್ದು. ಏನು ಮಾಡು ಎಂದು ಹೇಳಲಿಲ್ಲ. ಎಡದ ಹೂ ನನ್ನ ಕಣ್ಣೆದುರಿಗೆ ಜಾರಿ ಬಿತ್ತು. ನಾನು ಅದನ್ನೆತ್ತಿ ನೀರು ಮುಟ್ಟಿಸಿ ಮತ್ತೆ ಅಂಟಿಸಿದೆ. ಬಲದ ಹೂವನ್ನು ಕಿತ್ತು ಕೆಳಗಿಟ್ಟೆ. "ಅಕ್ಕ, ಕಣ್ಬಿಡು, ಬಲಗಡೆ ಕೊಟ್ಳು" ಎಂದೆ. ನೀನು ನೆಲಕ್ಕೆ ಬಿದ್ದು ಅತ್ತೆ.

ಕಲ್ಲು ಎಂದುಕೊಂಡವನಿಗೆ ಅದು ಏನೂ ಅಲ್ಲ. ಒಂದು ಹೂ ತೆಗೆದು ಇನ್ನೊಂದು ಇಟ್ಟೆ, ಅಷ್ಟೇ. ಆದರೆ ಅವತ್ತು ಚೊಂಬು ಅಲ್ಲೇ ಬಿಟ್ಟು ಮನೆಗೆ ಬಂದೆ ಅಕ್ಕ. ಮೂರು ದಿನ ಉಪವಾಸವಿದ್ದೆ. ಯಾರಿಗೆ ತಪ್ಪು ಒಪ್ಪಿಕೊಳ್ಳಲು? ಇಲ್ಲದವಳಿಗೇ? ಇವತ್ತಿಗೂ ನನಗೆ ಇದರ ಲೆಕ್ಕ ಹತ್ತುವುದಿಲ್ಲ. ಅವತ್ತಿನಿಂದ ನಾನು ಯಾರಿಗೂ ಹೂ ಕೇಳಿಲ್ಲ. ಬಂದವರಿಗೆಲ್ಲ ಇವತ್ತು ದಿನ ಸರಿಯಿಲ್ಲ, ಮೈಲಿಗೆ, ಏನಾದರೊಂದು ಹೇಳಿ ಕಳಿಸಿದೆ. ಮಾನಸಳನ್ನು ಕಳಿಸಲಾಗಲಿಲ್ಲ, ನಿನ್ನ ಹಟ ಗೊತ್ತಲ್ಲ. ಅವಳಿಗೂ ಎಡಕ್ಕೆ ಬಿತ್ತು. ಈ ಸಲ ಕೈ ಹಾಕಲು ನನ್ನಿಂದ ಆಗಲಿಲ್ಲ. ಅದಕ್ಕೇ ನಿಜ ಹೇಳಿಬಿಟ್ಟೆ.

ನೀನು ಹೂವನ್ನು ನಂಬಿ ಬಾಯಿ ಕಟ್ಟಿಕೊಂಡಿದ್ದೀಯ ಎಂದು ಬರೆದೆಯಲ್ಲ, ಅದಕ್ಕೆ ಇದನ್ನು ಬರೆದೆ. ಇಲ್ಲದಿದ್ದರೆ ಸಾಯುವ ತನಕ ಬರೆಯುತ್ತಿರಲಿಲ್ಲ. ಇದನ್ನು ಕೀರ್ತಿಗೆ, ಊರಿಗೆ, ಯಾರಿಗೆ ಬೇಕಾದರೂ ಹೇಳು. ಹೂವಿನ ಮಾತು ಸುಳ್ಳೆಂದು ಗೊತ್ತಾದರೆ ಮರ ಉಳಿದೀತು.

ನಿನ್ನ ತಮ್ಮ
ಸಿದ್ದರಾಜು


ಕುಶಾಲನಗರ
3 ಜೂನ್ 2024

ಮಾವ,

ನಾನು ಮಾನಸ. ಕಾಗದ ಬರೆದು ಅಭ್ಯಾಸವಿಲ್ಲ, ಅಕ್ಷರ ನೋಡಿ ನಗಬೇಡಿ. ಐದು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ವಾಟ್ಸಾಪ್‌ನಲ್ಲಿ ಒಂದೇ ಟಿಕ್ ಬೀಳುತ್ತಿದೆ. ನಿಮ್ಮಿಬ್ಬರಿಗೂ ನಾನು ಮನುಷ್ಯಳ ಹಾಗೆ ಕಾಣುತ್ತೇನೋ ಇಲ್ಲವೋ?

ಕಳೆದ ತಿಂಗಳು ನಿಮ್ಮ ಕಾಗದ ಬಂದ ದಿನ ಅಮ್ಮ ಅದನ್ನು ಓದಿ, ಮಡಚಿ, ಅಕ್ಕಿ ಡ್ರಮ್ಮಿನೊಳಗೆ ಇಟ್ಟರು. ಆಮೇಲೆ ನಾಲ್ಕು ದಿನ ದೇವರ ಮುಂದೆ ದೀಪ ಹಚ್ಚಲಿಲ್ಲ. ಅಪ್ಪ ಸತ್ತ ದಿನವೂ ಅಮ್ಮ ದೀಪ ಬಿಟ್ಟವರಲ್ಲ. "ಏನಾಯ್ತಮ್ಮ?" ಎಂದರೆ "ಏನಿಲ್ಲ, ಬೆನ್ನು ನೋವು" ಎಂದರು. ಬೆನ್ನು ನೋವಿಗೂ ದೀಪಕ್ಕೂ ಏನು ಸಂಬಂಧ?

ಗುರುವಾರ, ಶಾಲೆ ಶುರುವಾಗುವ ವಾರ, ಅಡುಗೆಮನೆ ತೊಳೆಯುವ ಕೆಲಸ ಬಿಟ್ಟು ಬೆಳಗಿನ ಮೊದಲ ಬಸ್ಸಿಗೆ ಹೋಗಿಬಿಟ್ಟರು. ಎಲ್ಲಿಗೆ ಎಂದು ಹೇಳಲಿಲ್ಲ. ಸಂಜೆ ಬಂದಾಗ ಸೀರೆಯೆಲ್ಲ ಕೆಸರು, ಕಾಲಲ್ಲಿ ಚಪ್ಪಲಿ ಇಲ್ಲ. ಏನೂ ತಿನ್ನದೆ ಮಲಗಿದರು. ಮರುದಿನ ಎದ್ದು ಒಂದೇ ಒಂದು ಮಾತು: "ನಿಮ್ಮ ಮಾವ ಬದುಕವ್ನೆ, ಚೆನ್ನಾಗವ್ನೆ."

ನಾನು ಕೇಳಿದ್ದೇ ಅದನ್ನಲ್ಲ!

ನನ್ನ ಒಂದು ಮದುವೆ ವಿಷಯಕ್ಕೆ ಶುರುವಾದದ್ದು ಇದು. ಈಗ ಅದನ್ನು ಬಿಟ್ಟು ಉಳಿದದ್ದೆಲ್ಲ ನಡೆಯುತ್ತಿದೆ. ಸುದೀಪ್ "ನಿಮ್ಮನೇಲಿ ಏನಂತಾರೆ?" ಎಂದು ಕೇಳಿದರೆ ನಾನು ಏನು ಹೇಳಲಿ, ನಮ್ಮ ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ ಎಂದೇ? ಗುರುವಾರ ಅಲ್ಲಿ ಏನಾಯಿತು? ನೀವಾದರೂ ಹೇಳಿ.

ಮಾನಸ


ಹಿರೇಕೊಪ್ಪಲು
9 ಜೂನ್ 2024

ಮಾನಸಳಿಗೆ ಮಾವನ ಆಶೀರ್ವಾದ.

ನನ್ನ ಫೋನು ಮಳೆಯಲ್ಲಿ ಬಿದ್ದು ಕೆಟ್ಟಿದೆ. ನಿಜವಾಗಿಯೂ ಕೆಟ್ಟಿದೆ ಎಂದು ನಿನ್ನಮ್ಮನಿಗೂ ಹೇಳು, ಅವಳು ನಂಬುವುದಿಲ್ಲ.

ಕಾಗದದಲ್ಲಿ ಏನಿತ್ತು ಎಂದು ನಾನು ಹೇಳಲಾರೆ. ಹೇಳುವ ಹಕ್ಕು ಅವಳದು. ಗುರುವಾರ ನಡೆದದ್ದನ್ನು ಹೇಳುತ್ತೇನೆ.

ಮರ ಕುಯ್ಯುವ ಮಿಷನ್ ಸದ್ದು ನಮ್ಮ ಮನೆಗೆ ಕೇಳಿಸಿತು. ಹೋಗಬಾರದು ಎಂದುಕೊಂಡೇ ಹೋದೆ. ಗಡಿಕಲ್ಲಿನ ಹೊರಗೆ ನಿಂತೆ. ಅಷ್ಟರಲ್ಲಿ ಒಂದು ದೊಡ್ಡ ಕೊಂಬೆ ಉರುಳಿತ್ತು, ಹಾಲು ಸುರಿಯುತ್ತಿತ್ತು. ನಿನ್ನಮ್ಮ ಆ ಕಡೆ ದಾರಿಯಿಂದ ಬಂದಳು. ಚಪ್ಪಲಿಯನ್ನು ಗಡಿಕಲ್ಲಿನ ಹತ್ತಿರ ಬಿಟ್ಟು, ಸೀದಾ ಹೋಗಿ ಮಿಷನ್ ಹಿಡಿದವನ ಮುಂದೆ ನಿಂತಳು.

"ನಿಲ್ಸಪ್ಪ."

ಕೀರ್ತಿ ಓಡಿ ಬಂದ. "ಅಕ್ಕ, ನಾ ಹೇಳಿದ್ನಲ್ಲ, ಅಮ್ಮ ಬಲಗಡೆ ಕೊಟ್ಟವ್ಳೆ ಅಂತ."

ನಿನ್ನಮ್ಮ ನನ್ನ ಕಡೆ ತಿರುಗಿ ನೋಡಿದಳು. ಅವಳ ಹತ್ತಿರ ಒಂದು ಮಾತಿತ್ತು ಮಾನಸ. ಅದನ್ನು ಆಡಿದ್ದರೆ ಹೂವಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಈ ಊರಿನಲ್ಲಿ ನನ್ನ ಕಥೆಯೂ. ಆಡಲಿ ಎಂದೇ ನಾನು ತಲೆ ತಗ್ಗಿಸಿ ನಿಂತಿದ್ದೆ. ಅವಳು ಆಡಲಿಲ್ಲ. "ಇನ್ನೊಂದ್ಸಲ ಕೇಳು. ನನ್ ಕಣ್ಣೆದುರಿಗೆ" ಎಂದಳು ಕೀರ್ತಿಗೆ.

ಅವನು ಕೈಕಾಲು ತೊಳೆದು ಬಂದು ಎರಡು ಕಣಗಿಲೆ ಹೂ ಅಂಟಿಸಿದ. ಮರ ಕಡಿಯಲು ಬಂದ ನಾಲ್ಕು ಜನ, ನಮ್ಮ ಕೇರಿಯವರು ಹತ್ತು ಹನ್ನೆರಡು ಜನ, ಎಲ್ಲ ಕಲ್ಲಿನ ಸುತ್ತ ನಿಂತರು. ನಿನ್ನಮ್ಮ ಈ ಸಲ ಕಣ್ಣು ಮುಚ್ಚಲಿಲ್ಲ. ಕಾಲು ಗಂಟೆ ಆಗಿರಬಹುದು. ಹನಿ ಶುರುವಾಯಿತು. ಎಡಗಡೆ ಬೀಳಲಿ ಎಂದು ನಾನು ಬೇಡಿಕೊಂಡೆ. ಹೌದು, ನಾನೇ. ಯಾರನ್ನು ಬೇಡಿಕೊಂಡೆ ಎಂದು ಕೇಳಬೇಡ.

ಹೂ ಬಲಕ್ಕೆ ಬಿತ್ತು.

ಕೀರ್ತಿಯ ಕಣ್ಣಲ್ಲಿ ನೀರು ಬಂತು. "ನೋಡಕ್ಕ! ನೋಡು!" ಎಂದ. ನಿನ್ನಮ್ಮ ಸ್ವಲ್ಪ ಹೊತ್ತು ಆ ಹೂವನ್ನೇ ನೋಡಿದಳು. ಆಮೇಲೆ ಕಲ್ಲಿನ ಮುಂದೆ ಬಾಗಿ ಕೈಮುಗಿದು, ಮನೆಯವರ ಹತ್ತಿರ ಮಾತಾಡಿದ ಹಾಗೆ ಹೇಳಿದಳು: "ಆಯ್ತು ತಾಯಿ. ನೀ ಕೊಟ್ಟೆ. ನಾವ್ ತಗೊಳಲ್ಲ."

ಕೀರ್ತಿಗೆ ಅರ್ಥವಾಗಲಿಲ್ಲ. ನಮಗ್ಯಾರಿಗೂ ಆಗಲಿಲ್ಲ. "ಅಮ್ಮನೇ ಕೊಟ್ಮೇಲೆ ನೀನ್ಯಾರಕ್ಕ ಬೇಡ ಅನ್ನೋಕೆ?" ಎಂದು ಅವನು ಸಿಟ್ಟಾದ.

"ನಿಮ್ಮವ್ವ ಹಸ್ಕೊಂಡಿದ್ರೂ ತನ್ ತಟ್ಟೆ ಅನ್ನ ನಿನ್ ತಟ್ಟೆಗೆ ಹಾಕ್ತಾಳೆ. ಕೊಟ್ಳು ಅಂತ ತಿಂದ್ಬಿಡ್ತೀಯೇನೋ? ಕೊಡೋದು ಅವ್ಳ ಗುಣ. ತಗೊಳ್ದೇ ಇರೋದು ನಮ್ ಮರ್ಯಾದೆ."

"ಮತ್ತೆ ಅವ್ಳು ಮಳೇಲಿ ನೆನೀಬೇಕಾ?"

"ಅಜ್ಜನ ಕಾಲದಿಂದ ನೆನೀತಾವ್ಳೆ. ನಿಂಗೆ ಅಷ್ಟು ಸಂಕಟ ಆದ್ರೆ ಕೊಡೆ ಹಿಡ್ಕೊಂಡು ನಿಂತ್ಕೊ, ನಾನ್ ಬೇಡ ಅನ್ನಲ್ಲ."

ಅಷ್ಟು ಹೇಳಿ ಮರದ ಬೇರಿನ ಮೇಲೆ ಕೂತುಬಿಟ್ಟಳು. ಮಳೆ ಜೋರಾಯಿತು. ಮಿಷನ್ನಿನವನು ಕೀರ್ತಿಯ ಮುಖ ನೋಡಿದ, ನಿನ್ನಮ್ಮನ ಮುಖ ನೋಡಿದ. "ನಂಗ್ಯಾಕಣ್ಣ ಈ ಸಾವಾಸ?" ಎಂದು ಮಿಷನ್ ಹೆಗಲಿಗೆ ಹಾಕಿಕೊಂಡು ಜೀಪಿಗೆ ಹೋದ. ಎಲ್ಲರೂ ಚದುರಿದರು. ಕೀರ್ತಿ ಮಾತ್ರ ಅಲ್ಲೇ ನಿಂತು ಮಗುವಿನ ಹಾಗೆ ಅತ್ತ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ. ಆ ಬನದಲ್ಲಿ ನಮ್ಮ ಮೂವರಲ್ಲಿ ಅವನಷ್ಟು ಅವಳನ್ನು ಪ್ರೀತಿಸುವವರು ಯಾರು ಎಂದು ಕೇಳಿದರೆ ನಾನು ಅವನನ್ನೇ ತೋರಿಸುತ್ತೇನೆ.

ನಿನ್ನಮ್ಮ ನನ್ನ ಪಕ್ಕದಲ್ಲೇ ಹಾದು ಹೋದಳು. ಚಪ್ಪಲಿ ನೀರಲ್ಲಿ ಕೊಚ್ಚಿಹೋಗಿತ್ತು, ಹುಡುಕಲೂ ಇಲ್ಲ.

ಮರ ಇದೆ. ಒಂದು ಕೊಂಬೆ ಹೋದ ಗಾಯಕ್ಕೆ ನಾನು ಸಗಣಿ ಮಣ್ಣು ಮೆತ್ತಿದ್ದೇನೆ. ಸ್ಪೀಕರ್ ಕೀರ್ತಿಯೇ ಇಳಿಸಿದ. ಪೂಜೆ ಅವನೇ ಮಾಡುತ್ತಾನೆ, ಮಾಡಲಿ. ಮೊನ್ನೆ ಮನೆಗೆ ಬಂದು, "ಅಣ್ಣ, ಕಾಲುವೆ ಯಾವ ಕಡೆ ಬಿಡಿಸ್ಬೇಕು ಅಂದಿದ್ದೆ?" ಎಂದು ಕೇಳಿದ. ಹೋಗಿ ತೋರಿಸಿ ಬಂದೆ.

ನಿನ್ನ ಮದುವೆ ವಿಷಯ ನಿನ್ನಮ್ಮನನ್ನು ಈಗ ಕೇಳು. ಹೆದರಬೇಡ.

ಮಾವ
ಸಿದ್ದರಾಜು


ಕುಶಾಲನಗರ
27 ಜೂನ್ 2024

ಸಿದ್ದರಾಜುವಿಗೆ,

ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಇಳಿದಿಲ್ಲ.

ಹನ್ನೊಂದು ವರ್ಷ ನನ್ನ ಹತ್ತಿರ ಮುಚ್ಚಿಟ್ಟೆ. ನಾನು ಪ್ರತಿ ವರ್ಷ ಸೀರೆ ತಂದಾಗ ನೀನು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಕಲ್ಲಿಗೆ ಸುತ್ತುತ್ತಿದ್ದೆ. ಆಗ ನಿನಗೆ ಏನನ್ನಿಸುತ್ತಿತ್ತೋ! ಅಕ್ಕ ಎಂಥ ಪೆದ್ದಿ ಎಂದೇ? ನಿನ್ನ ಕಾಗದ ಓದಿದ ದಿನ ನನಗೆ ಮೊದಲು ಅನ್ನಿಸಿದ್ದು, ಅಮ್ಮ ಬೇಡ ಎಂದದ್ದನ್ನು ಮೀರಿ ನಾವು ಹೋದೆವು, ಅದಕ್ಕೇ ಆರೇ ವರ್ಷಕ್ಕೆ ಅವರನ್ನು ಕರೆದುಕೊಂಡಳು ಎಂದು. ನಿನ್ನನ್ನು ಶಪಿಸಿದೆ. ಎರಡನೇ ದಿನ, ನೀನು ಹಾಗೆ ಮಾಡದಿದ್ದರೆ ಆರು ದಿನವೂ ಇರುತ್ತಿರಲಿಲ್ಲ ಎಂದು ಅನ್ನಿಸಿತು. ಆಗ ನನ್ನನ್ನೇ ಶಪಿಸಿಕೊಂಡೆ. ಎಡಕ್ಕೆ ಬಿತ್ತು ಎಂದಿದ್ದರೆ ನಾನು ಖಂಡಿತ ಹೋಗುತ್ತಿರಲಿಲ್ಲ. ಅವರನ್ನು ಮನೆಯಲ್ಲೇ ಮಲಗಿಸಿ, ಸಾಯುವುದನ್ನು ನೋಡಿಕೊಂಡು, ಅಮ್ಮನ ಇಚ್ಛೆ ಎನ್ನುತ್ತಿದ್ದೆ. ಇದು ಗೊತ್ತಾದ ಮೇಲೆ ದೀಪ ಹಚ್ಚಲು ಕೈ ಬರಲಿಲ್ಲ.

ಅವರು ನಿನ್ನ ಹತ್ತಿರ ಹೇಳಿಕೊಂಡಿದ್ದರು ಎಂಬುದು ಇನ್ನೂ ಚುಚ್ಚುತ್ತದೆ. ಒಂದೇ ಮನೆಯಲ್ಲಿದ್ದೂ ನನ್ನ ಹತ್ತಿರ ಹೇಳಲಿಲ್ಲವಲ್ಲ. ನನ್ನ ನಂಬಿಕೆಗೆ ಅಷ್ಟು ಹೆದರಿದ್ದರೇ?

ಈಗ ನಾನು ಏನು ನಂಬುತ್ತೇನೆ ಎಂದು ನೀನು ಕೇಳಬಹುದು. ಬನದಮ್ಮ ಇದ್ದಾಳೆ. ಅದು ನನಗೆ ಗೊತ್ತು, ನಿನ್ನ ನೀರಿನ ಲೆಕ್ಕ ನಿನ್ನ ಹತ್ತಿರ ಇಟ್ಟುಕೋ. ಆದರೆ ಅವಳು ನನಗೆ ಹೇಳಿಕೊಡುವ ಟೀಚರ್ ಅಲ್ಲ ಎಂದು ಕಾಣುತ್ತದೆ. ಪ್ರತಿಯೊಂದಕ್ಕೂ ಹೋಗಿ ಕೇಳಿ ಕೇಳಿ ಅವಳಿಗೂ ಸಾಕಾಗಿರಬೇಕು.

ಮೊನ್ನೆ ಮಂಗಳವಾರ ಬನಕ್ಕೆ ಬಂದಿದ್ದೆ. ಮಳೆಯಲ್ಲಿ ಕೀರ್ತಿ ನಿಜವಾಗಿಯೂ ಕೊಡೆ ಹಿಡಿದುಕೊಂಡು ಪೂಜೆ ಮಾಡುತ್ತಿದ್ದ. ಕೊಡೆ ಕಲ್ಲಿನ ಮೇಲೆ, ತಾನು ತೊಪ್ಪೆಯಾಗಿದ್ದ. ನಗು ಬಂತು, ಕಣ್ಣೀರೂ ಬಂತು. ಅವನು ಹೋದ ಮೇಲೆ ಅಮ್ಮನ ಹತ್ತಿರ ನೇರವಾಗಿ ಹೇಳಿ ಬಂದೆ: ಮಾನಸಳನ್ನು ಸುದೀಪನಿಗೆ ಕೊಡುತ್ತಿದ್ದೇನೆ. ನೀನು ಎಡಗಡೆ ಕೊಟ್ಟದ್ದು ಗೊತ್ತು. ನಿನ್ನ ಮಾತು ಮೀರುತ್ತಿದ್ದೇನೆ. ಕೋಪ ಬಂದರೆ ನನ್ನ ಮೇಲೆ ಬರಲಿ, ಹುಡುಗಿಯ ತಂಟೆಗೆ ಹೋಗಬೇಡ. ಹೇಳಿಯಾದ ಮೇಲೆ ಬಹಳ ಹೊತ್ತು ಅಲ್ಲೇ ಕೂತಿದ್ದೆ. ಬೇಡಿಕೊಳ್ಳಲು ಏನೂ ಉಳಿದಿರಲಿಲ್ಲ. ಬರೀ ಕೂತಿದ್ದೆ. ಎಲೆ ಮೇಲೆ ಮಳೆ ಬೀಳುವ ಸದ್ದು ಅಷ್ಟು ದೊಡ್ಡದು ಎಂದು ನನಗೆ ಈ ತನಕ ಗೊತ್ತೇ ಇರಲಿಲ್ಲ.

ಮದುವೆ ಮಾರ್ಗಶಿರದಲ್ಲಿ. ಧಾರೆಗೆ ಅವಳಪ್ಪನ ಜಾಗದಲ್ಲಿ ಕೂರಬೇಕಾದವನು ಸೋದರಮಾವ. ನಂಬಿಕೆ ಇದೆಯೋ ಇಲ್ಲವೋ ಎಂದು ಪುರೋಹಿತರು ಕೇಳುವುದಿಲ್ಲ, ನೀನೂ ಹೇಳಲು ಹೋಗಬೇಡ. ಹೇಳಿದ್ದು ಸಾಕು.

ಜುಲೈ ಹತ್ತಕ್ಕೆ ನಿಮ್ಮ ಭಾವನ ವರ್ಷದ ಎಡೆ. ಹೆಂಡತಿಯನ್ನು ಕರೆದುಕೊಂಡು ಬಾ. ಎರಡು ದಿನ ಇರುವ ಹಾಗೆ ಬಾ. ಅವರು ನಿನ್ನನ್ನು ಮೂಲೆಗೆ ಕರೆದಾಗ ಹೇಗೆ ನಿಂತಿದ್ದರು, ದನಿ ಹೇಗಿತ್ತು, ಏನು ಉಟ್ಟಿದ್ದರು, ಎಲ್ಲವನ್ನೂ ಮೊದಲಿಂದ ನನಗೆ ಹೇಳಬೇಕು. ಅದು ಮುಗಿದ ಮೇಲೆ ನಿನ್ನನ್ನು ಬೈಯುವುದಿದೆ. ಕಾಗದದಲ್ಲಿ ಹಿಡಿಸುವಷ್ಟು ಅಲ್ಲ ಅದು.

ನಿನ್ನ ಅಕ್ಕ
ಮುತ್ತಮ್ಮ